ಪರದೆಯಲ್ಲಿ 99 ಇದ್ದರೂ ಉಸಿರು ಕಟ್ಟುತ್ತದೆ

• ಅಮ್ಮನ ಎಡಗಣ್ಣಿನ ಪೊರೆ ತೆಗೆಸಿದೆವು. ಮುಖದ ಮೇಲೆ ಬಟ್ಟೆ ಹೊದೆಸಿದ ಮೇಲೆ ಉಸಿರು ಕಟ್ಟಿತು, ಹೇಳಿದರೂ ಯಾರೂ ಕಿವಿಗೊಡಲಿಲ್ಲ ಎನ್ನುತ್ತಾರೆ. ಮಾನಿಟರಿನ ಪರದೆಯಲ್ಲಿ ಆಮ್ಲಜನಕ ಶೇ 99 ಇತ್ತು, ಅದು ಬರೀ ಹೆದರಿಕೆ ಎಂದರು ಆಸ್ಪತ್ರೆಯವರು. ಈಗ ಬಲಗಣ್ಣಿಗೆ ಅಮ್ಮ ಒಪ್ಪುತ್ತಿಲ್ಲ. ಧೈರ್ಯ ತುಂಬುವುದು ಹೇಗೆ?
— ಓದುಗರು, ಕುಂಬಳೆ

ಧೈರ್ಯದ ಮಾತು ಆಮೇಲೆ. ಮೊದಲು ಅಮ್ಮನನ್ನು ನಂಬಿ. ಇದೇ ಪ್ರಶ್ನೆ ಮಂಜೇಶ್ವರದಿಂದಲೂ ಮುಳ್ಳೇರಿಯದಿಂದಲೂ ಬರುತ್ತಲೇ ಇದೆ, ಪ್ರತಿ ಸಲವೂ ಅದರ ಬಾಲಕ್ಕೆ ‘ಬರೀ ಹೆದರಿಕೆ’ ಎಂಬ ತೀರ್ಪು. ಅರಿವಳಿಕೆ ಕೊಡುವುದೇ ಕೆಲಸವಾಗಿರುವ ನನಗೆ ಆ ತೀರ್ಪು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ.

ಬೆರಳಿಗೆ ಸಿಕ್ಕಿಸುವ ಕ್ಲಿಪ್ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಬಿಟ್ಟ ಉಸಿರು ಎಲ್ಲಿಗೆ ಹೋಯಿತು ಎಂಬುದು ಅದಕ್ಕೆ ತಿಳಿಯದು. ನಾವು ಹೊರಬಿಡುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 4ರಷ್ಟಿರುತ್ತದೆ. ಬಟ್ಟೆ ಗಲ್ಲಕ್ಕೆ, ಮೂಗಿಗೆ ಅಂಟಿಕೊಂಡಿದ್ದರೆ ಅದು ಅಲ್ಲೇ ನಿಲ್ಲುತ್ತದೆ, ರೋಗಿ ಅದನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ‘ಗಾಳಿ ಸಾಲದು’ ಎಂದು ಮಿದುಳು ಬೊಬ್ಬೆ ಹಾಕುವುದು ಹೆಚ್ಚಾಗಿ ಈ ಅನಿಲ ಏರಿದಾಗಲೇ. ಮೂಗಿನ ಕೊಳವೆಯಲ್ಲಿ ಆಮ್ಲಜನಕ ಹರಿಯುತ್ತಿದ್ದರೆ ಅಷ್ಟು ಹೊತ್ತೂ ಪರದೆಯಲ್ಲಿ 99 ಇದ್ದೇ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಅಂಕಿ ಚೆನ್ನಾಗಿ ಕಾಣುತ್ತದೆ, ಬಟ್ಟೆಯ ಕೆಳಗಿನ ಹಳಸಿದ ಗಾಳಿ ಮಾತ್ರ ಖಾಲಿಯಾಗುವುದಿಲ್ಲ.

ನಾನು ಮೇಜಿನ ಅಂಚಿಗೆ ಬಾಗಿದ ಉಕ್ಕಿನ ಸರಳೊಂದನ್ನು ಸಿಕ್ಕಿಸಿ ಬಟ್ಟೆಯನ್ನು ಗಲ್ಲದಿಂದ ಒಂದು ಗೇಣು ಮೇಲೆತ್ತಿ ಹಿಡಿಸುತ್ತೇನೆ. ಕೆಳಗೆ ನಿಮಿಷಕ್ಕೆ 10 ಲೀಟರಿಗೆ ಕಡಿಮೆಯಿಲ್ಲದಂತೆ ಗಾಳಿ ಹರಿಯಬೇಕು, ಸಾಧ್ಯವಿದ್ದರೆ ಹಳೆಯ ಗಾಳಿಯನ್ನು ಎಳೆದು ತೆಗೆಯಲು ಒಂದು ಸಕ್ಷನ್ ಕೊಳವೆಯೂ ಇರಬೇಕು. ಗಾಳಿ ಎಂದೆ, ಶುದ್ಧ ಆಮ್ಲಜನಕ ಎನ್ನಲಿಲ್ಲ. ಬಟ್ಟೆಯಡಿ ಆಮ್ಲಜನಕ ತುಂಬಿರುವಾಗ ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳ ಸುಡುವ ಉಪಕರಣದ ಒಂದು ಕಿಡಿ ಸಾಕು, ಮುಖದ ಮೇಲೆಯೇ ಬೆಂಕಿ. ಇನ್ನು ಉಸಿರನ್ನೇ ಅಳೆಯಲು ಕ್ಯಾಪ್ನೋಗ್ರಾಫ್ ಇದೆ. ಮೂಗಿನ ಹತ್ತಿರದ ಸಣ್ಣ ಕೊಳವೆಯಿಂದ ಗಾಳಿ ಹೀರಿ ಪ್ರತಿ ಉಸಿರನ್ನೂ ಅಲೆಯಾಗಿ ತೋರಿಸುತ್ತದೆ. ಅಲೆ ನಿಂತರೆ ಉಸಿರು ನಿಂತಿರಬಹುದು, ಕೂಡಲೇ ನೋಡಬೇಕು. ಬೆರಳಿನ ಅಂಕಿ ಇಳಿಯುವವರೆಗೆ ಕಾಯುವಂತಿಲ್ಲ.

ಅಮ್ಮನ ಒದ್ದಾಟ ಕಂಡು ನಿದ್ರೆಯ ಮದ್ದು ಕೊಟ್ಟು ಸುಮ್ಮನಾಗಿಸುವುದು ನಾನು ಕಂಡ ಅತ್ಯಂತ ಕೆಟ್ಟ ಉಪಾಯ. ಉಸಿರು ಸಾಲದೆ ಒದ್ದಾಡುವವರಿಗೆ ಮಂಪರು ಬರಿಸಿದರೆ ನಾಲಿಗೆ ಹಿಂದೆ ಜಾರುತ್ತದೆ, ಗೊರಕೆ ಶುರುವಾಗುತ್ತದೆ. ‘ಹಾಯಾಗಿ ಮಲಗಿದರು’ ಎಂದುಕೊಳ್ಳುತ್ತಾರೆ. ಆ ಗೊರಕೆ ಗಾಳಿಯ ದಾರಿ ಮುಚ್ಚುತ್ತಿರುವ ಸದ್ದು. ಮುಖವೆಲ್ಲ ಬಟ್ಟೆಯಡಿ ಇರುವಾಗ ಅದನ್ನು ತೆರೆಯುವುದು ಸುಲಭವಲ್ಲ. ಅರೆಎಚ್ಚರದಲ್ಲಿ ತಲೆ ಕೊಡವಿದರೆ ಕಣ್ಣೊಳಗೆ ಉಪಕರಣ.

ಬದಿಯಡ್ಕ ಕಡೆಯ ಒಬ್ಬ ಅಜ್ಜಿ ನೆನಪಾಗುತ್ತಾರೆ. ಜೀವನವಿಡೀ ಬೀಡಿ ಕಟ್ಟಿದವರು, ತುಳು ಬಿಟ್ಟರೆ ಅಷ್ಟಿಷ್ಟು ಕನ್ನಡ. ಸುತ್ತ ಎಲ್ಲರೂ ಮಲಯಾಳದಲ್ಲಿ ‘ಅಲುಗಾಡಬೇಡಿ’ ಎನ್ನುತ್ತಿದ್ದರು. ಬಟ್ಟೆಯಡಿ ಕೈ ಹಾಕಿ ಅವರ ಅಂಗೈ ಹಿಡಿದಾಗ ಅದು ಬೆವರಿ ತಣ್ಣಗಿತ್ತು, ಹೆಬ್ಬೆರಳು ನನ್ನ ಬೆರಳನ್ನು ಒತ್ತುತ್ತಲೇ ಇತ್ತು. ಬಟ್ಟೆ ಎತ್ತಿ ಗಾಳಿ ಬಿಟ್ಟೆವು. ಎರಡು ನಿಮಿಷದಲ್ಲಿ ಆ ಹಿಡಿತ ಸಡಿಲಾಯಿತು. ಅಂದಿನಿಂದ ಮೊದಲೇ ಹೇಳಿಕೊಟ್ಟಿರುತ್ತೇನೆ: ಕೆಮ್ಮು ಬಂದರೆ ಒಮ್ಮೆ ಒತ್ತಿ, ಉಸಿರು ಕಟ್ಟಿದರೆ ಎರಡು ಸಲ. ನಿಮ್ಮ ಅಮ್ಮ ಯಾವ ಭಾಷೆ ಆಡುತ್ತಾರೆ ಎಂದು ಒಳಗೆ ಹೋಗುವ ಮುನ್ನವೇ ಹೇಳಿಬಿಡಿ.

ಇನ್ನೊಂದು ಕೆಲಸ ಮನೆಯಲ್ಲೇ ಮಾಡಿ. ಒಂದೇ ದಿಂಬಿನಲ್ಲಿ ಅಂಗಾತ ಅರ್ಧ ಗಂಟೆ ಮಲಗಲು ಅವರಿಗೆ ಆಗುತ್ತದೆಯೇ ನೋಡಿ. ಮುಖಕ್ಕೆ ಬಟ್ಟೆ ಹಾಕಿ ಪರೀಕ್ಷಿಸಲು ಹೋಗಬೇಡಿ. ದಮ್ಮು ಹತ್ತಿ ಎದ್ದು ಕೂರುವಂತಾದರೆ ಹೃದಯವನ್ನೂ ಶ್ವಾಸಕೋಶವನ್ನೂ ಮೊದಲು ತೋರಿಸಿ. ಪೊರೆ ಕೆಲವು ವಾರ ಕಾಯುತ್ತದೆ.

• ಕಣ್ಣಿನ ಪಕ್ಕ ಒಂದು ಚುಚ್ಚುಮದ್ದು ಅಷ್ಟೇ. ಅದಕ್ಕೆ ಅರಿವಳಿಕೆ ತಜ್ಞರ ಶುಲ್ಕ ಏಕೆ?

ಕಣ್ಣಿನ ಹಿಂಭಾಗಕ್ಕೆ ಕೊಡುವ ಮದ್ದು ಬಹಳ ಅಪರೂಪಕ್ಕೊಮ್ಮೆ ದೃಷ್ಟಿನರದ ಕವಚದೊಳಗೆ ಸೇರಿ ಮಿದುಳಿನ ಬುಡಕ್ಕೆ ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಮಾತು ತೊದಲುತ್ತದೆ, ಉಸಿರು ನಿಲ್ಲುತ್ತದೆ. ಆಗ ಬ್ಯಾಗ್ ಮತ್ತು ಮಾಸ್ಕ್ ಹಿಡಿದು ಉಸಿರು ಕೊಡಬಲ್ಲವರು ಪಕ್ಕದಲ್ಲಿದ್ದರೆ ಮದ್ದಿನ ಪ್ರಭಾವ ಇಳಿದ ಮೇಲೆ ರೋಗಿ ಚೇತರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಏನಾಗುತ್ತದೆ ಎಂದು ನಾನು ಬರೆಯಬೇಕಿಲ್ಲ.

• ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡಬಾರದೇ?

ಸಣ್ಣ ಮಕ್ಕಳಿಗೆ, ಸುಮ್ಮನೆ ಮಲಗಲಾಗದವರಿಗೆ ಮಾಡುತ್ತೇವೆ. 1884ರಲ್ಲಿ ಕಾರ್ಲ್ ಕೋಲರ್ ಎಂಬ ವೈದ್ಯ ಕಣ್ಣನ್ನೇ ಮರಗಟ್ಟಿಸಿ ತೋರಿಸಿದಂದಿನಿಂದ ಉಳಿದವರಿಗೆ ಅದರ ಅಗತ್ಯವಿಲ್ಲ.

• ಹಿಂದಿನ ರಾತ್ರಿ ಮನೆಯಲ್ಲಿರುವ ನಿದ್ರೆ ಮಾತ್ರೆ ಕೊಡಬಹುದೇ?

ನಿಮ್ಮಷ್ಟಕ್ಕೆ ಕೊಡಕೂಡದು. ದಿನವೂ ನುಂಗುವ ಅಭ್ಯಾಸವಿದ್ದರೆ ಮುಚ್ಚಿಡದೆ ನಮಗೆ ಹೇಳಿ.

• ಪೊರೆ ಕರಗಿಸುವ ಜೇನಿನ ಹನಿ ಒಬ್ಬರು ಕೊಡುತ್ತಾರಂತೆ.

ಪೊರೆ ಕರಗಿಸುವ ಹನಿ ಯಾವುದೂ ಇಲ್ಲ. ಅದನ್ನು ಮಾರುವವರ ಮನೆ ಮೆಟ್ಟಿಲು ಹತ್ತಬೇಡಿ. ಹುಣ್ಣಾದ ಕಣ್ಣಿನೊಂದಿಗೆ ಬಂದವರನ್ನು ನೋಡಿ ಸಾಕಾಗಿದೆ.

• ಅಪ್ಪನಿಗೆ ದಮ್ಮು ಇದೆ. ಶಸ್ತ್ರಚಿಕಿತ್ಸೆಯ ದಿನ ಪಂಪ್ (ಇನ್ಹೇಲರ್) ನಿಲ್ಲಿಸಬೇಕೇ?

ನಿಲ್ಲಿಸಲೇಬಾರದು. ಬೆಳಗ್ಗೆ ಎಂದಿನಂತೆ ಎಳೆದುಕೊಳ್ಳಲಿ. ಆಮೇಲೆ ಅದನ್ನು ಶಸ್ತ್ರಚಿಕಿತ್ಸಾ ಕೊಠಡಿಯವರ ಕೈಗೇ ಕೊಡಿ. ಹೊರಗೆ ಬೆಂಚಿನಲ್ಲಿ ಕುಳಿತ ಮಗನ ಕಿಸೆಯಲ್ಲಿದ್ದರೆ ಒಳಗೆ ಕೆಮ್ಮುತ್ತಿರುವವರಿಗೆ ಅದು ಸಿಗುವುದಿಲ್ಲ.