ಓದುಗರ ಪ್ರಶ್ನೆ: ಹೊಲದಡಿ ಲಿಥಿಯಂ ಇದ್ದರೆ?

ಪ್ರಶ್ನೆ: ಯಾದಗಿರಿ ಜಿಲ್ಲೆಯಲ್ಲಿ ಲಿಥಿಯಂ ಇದೆಯೆಂದು 2024ರಲ್ಲಿ ಸುದ್ದಿ ಬಂತು. ಈಗ ಏಜೆಂಟರು ಕರಾರು ಬರೆದುಕೊಡಿ ಅಂತಾರೆ. ಗಣಿ ಯಾವಾಗ ಶುರುವಾಗುತ್ತದೆ?
– ಓದುಗರು, ಸುರಪುರ ತಾಲ್ಲೂಕು

ಉತ್ತರ: ಕರಾರಿಗೆ ಸಹಿ ಹಾಕಬೇಡಿ. ಕರ್ನಾಟಕ ಭೂಕಂದಾಯ ಕಾಯ್ದೆಯ 70ನೇ ಕಲಮಿನ ಪ್ರಕಾರ ಖನಿಜದ ಹಕ್ಕು ರಾಜ್ಯ ಸರ್ಕಾರದ್ದು. ಪಹಣಿಯಲ್ಲಿ ನಿಮ್ಮ ಹೆಸರಿದ್ದರೂ ಅದನ್ನು ನೀವು ಮಾರಲಾರಿರಿ, ಅವರು ಕೊಳ್ಳಲಾರರು. ನೆಲದ ಮೇಲ್ಮೈ ಮಾತ್ರ ನಿಮ್ಮದು. ಮುಂದೆ ಗಣಿ ಗುತ್ತಿಗೆ ಪಡೆದವರು ಅದನ್ನು ಬಳಸಿದರೆ ನಿಮಗೆ ಪರಿಹಾರ ಕೊಡಬೇಕು.

ಗಣಿ ಯಾವಾಗ ಎಂದು ಈಗಲೇ ಹೇಳಲಾಗದು. ಯಾದಗಿರಿಯಲ್ಲಿ ಕೇಂದ್ರದ ಅಣು ಖನಿಜ ನಿರ್ದೇಶನಾಲಯ ಮಾಡಿದ್ದು ಪ್ರಾಥಮಿಕ ಸಮೀಕ್ಷೆ. ಅದಕ್ಕಿಂತ ಮುಂದೆ ಹೋಗಿರುವ ಮಂಡ್ಯದ ಮಾರ್ಲಗಲ್ಲದಲ್ಲೇ ಅಂದಾಜು 1,600 ಟನ್. ಮೊದಲು 14,100 ಟನ್ ಎಂದು ಹೇಳಿದ್ದರು! ಕೊರೆದಂತೆಲ್ಲ ಲೆಕ್ಕ ಹೀಗೆ ಇಳಿಯುವುದುಂಟು.

ಇನ್ನು ಹಣದ ಮಾತು. ಶೇ. 1.25 ಲಿಥಿಯಂ ಆಕ್ಸೈಡ್ ಇರುವ ಒಳ್ಳೆಯ ಅದಿರಾದರೂ ಒಂದು ಟನ್ ಲಿಥಿಯಂ ಕಾರ್ಬೊನೇಟಿಗೆ (ಬ್ಯಾಟರಿಗೆ ಬೇಕಾದ ಲವಣ) ಸುಮಾರು 50 ಟನ್ ಕಲ್ಲು ಒಡೆಯಬೇಕು. ಕಲ್ಲನ್ನು ಪುಡಿ ಮಾಡಿ, ಲಿಥಿಯಂ ಇರುವ ಭಾಗವನ್ನು ಬೇರ್ಪಡಿಸಿ, 1,050 ಡಿಗ್ರಿಯಲ್ಲಿ ಹುರಿದು, ಆಮೇಲೆ ಗಂಧಕಾಮ್ಲ ಹಾಕಿ ಕಾಯಿಸಬೇಕು. ಹುರಿಯದೆ ಆಮ್ಲ ಹಾಕಿದರೆ ಕಲ್ಲು ಜಗ್ಗುವುದಿಲ್ಲ. ಈ ಶುದ್ಧೀಕರಣದ ಬಹುಪಾಲು ಚೀನಾದ ಕೈಯಲ್ಲಿದೆ. ಅಲ್ಲಿನ ಮಾರುಕಟ್ಟೆಯಲ್ಲಿ 2022ರ ಕೊನೆಗೆ ಟನ್ನಿಗೆ ಸುಮಾರು 6 ಲಕ್ಷ ಯುವಾನ್ ಇದ್ದ ದರ 2024ರ ಕೊನೆಗೆ 75 ಸಾವಿರದ ಆಸುಪಾಸಿಗೆ ಬಿತ್ತು. ಆ ದರದಲ್ಲಿ ಹೊಸ ಗಣಿಗೆ ಸಾಲ ಕೊಡುವ ಬ್ಯಾಂಕು ಹುಡುಕುವುದೇ ಕಷ್ಟ.

ಕೇಂದ್ರ ಸುಮ್ಮನೆ ಕೂತಿಲ್ಲ ಅನ್ನಿ. ಗಣಿ ಮತ್ತು ಖನಿಜ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ಲಿಥಿಯಂ, ಸರ್ಕಾರಿ ಸಂಸ್ಥೆಗಳಷ್ಟೇ ತೆಗೆಯಬಹುದಾದ ಅಣು ಖನಿಜಗಳ ಪಟ್ಟಿಯಿಂದ ಹೊರಬಂತು. ಹರಾಜು ಕೇಂದ್ರ ಮಾಡುತ್ತದೆ, ಗುತ್ತಿಗೆ ರಾಜ್ಯ ಕೊಡುತ್ತದೆ, ರಾಜಧನವೂ ರಾಜ್ಯಕ್ಕೇ. ಆದರೂ ಜಮ್ಮುವಿನ ರಿಯಾಸಿ ಲಿಥಿಯಂ ಬ್ಲಾಕಿಗೆ ಕನಿಷ್ಠ ಮೂವರು ಅರ್ಹ ಬಿಡ್ದಾರರು ಸಿಗದೆ 2024ರ ಮಾರ್ಚಿನಲ್ಲಿ ಹರಾಜು ರದ್ದಾಯಿತು. 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್ ಬಂತು. ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅವುಗಳಿಂದ ಮಾಡುವ ಮೋಟಾರು ಮ್ಯಾಗ್ನೆಟ್ಟುಗಳಿಗಾಗಿ ನಮ್ಮ ವಾಹನ ಕಂಪನಿಗಳು ಪರದಾಡಿದವು. ಸರ್ಕಾರದ ಈಗಿನ ಅವಸರಕ್ಕೆ ಇಂಥ ಪೆಟ್ಟುಗಳೇ ಕಾರಣ, ಯಾದಗಿರಿಯ ಕಲ್ಲಲ್ಲ.

ಪ್ರಶ್ನೆ: ಹಾಗಾದರೆ ನಮ್ಮ ತಾಲ್ಲೂಕಿನ ಗೋಗಿಯ ಯುರೇನಿಯಂ ಕೂಡ ಹರಾಜಿಗೆ ಬರುತ್ತದೆಯೇ?
– ಓದುಗರು, ಶಹಾಪುರ

ಉತ್ತರ: ಇಲ್ಲ. 2023ರಲ್ಲಿ ಪಟ್ಟಿಯಿಂದ ಹೊರಬಂದದ್ದು ಲಿಥಿಯಂ, ಬೆರಿಲಿಯಂ, ಟೈಟಾನಿಯಂ, ನಿಯೋಬಿಯಂ, ಟ್ಯಾಂಟಲಂ, ಜಿರ್ಕೋನಿಯಂ, ಇಷ್ಟೇ. ಯುರೇನಿಯಂ ಅಲ್ಲೇ ಉಳಿದಿದೆ.