ಮಾವಿನ ಶೇಕ್‌ಗೆ ಐಸ್ ಯಾಕೆ ಬೇಡ?

ಪ್ರಶ್ನೆ: ಅಕ್ಕ, ಮಕ್ಕಳಿಗೆ ರಜೆ, ದಿನಾ ಮ್ಯಾಂಗೋ ಶೇಕ್ ಬೇಕು ಅಂತಾರೆ. ನಾನು ಮಾಡಿದರೆ ನೀರು ನೀರಾಗುತ್ತದೆ. ಜ್ಯೂಸ್ ಅಂಗಡಿಯದ್ದು ಚಮಚದಲ್ಲಿ ತಿನ್ನುವಷ್ಟು ಗಟ್ಟಿ ಇರುತ್ತದೆ. ಐಸ್‌ಕ್ರೀಂ ಹಾಕಲೇಬೇಕಾ? – ಓದುಗರು, ಹಾಸನ

ಉತ್ತರ: ಬೇಡವೇ ಬೇಡ. ನೀವು ಐಸ್ ಹಾಕುತ್ತಿದ್ದೀರಿ ಅಲ್ವಾ? ತೊಂದರೆ ಅಲ್ಲೇ ಇರುವುದು. ಐಸ್ ಕರಗಿದರೆ ನೀರೇ ತಾನೇ, ಒಳ್ಳೆಯ ಹಣ್ಣು, ಒಳ್ಳೆಯ ಹಾಲು ತಂದು ಅದಕ್ಕೆ ನಾವೇ ನೀರು ಬೆರೆಸಿದ ಹಾಗಾಯಿತು. ತಣ್ಣಗಾಗಲು ಐಸ್ ಬೇಕಿಲ್ಲ, ಹಣ್ಣನ್ನೇ ಐಸ್ ಮಾಡಿ. ಎರಡು ಮಧ್ಯಮ ಗಾತ್ರದ ಬಾದಾಮಿ ಮಾವಿನಹಣ್ಣನ್ನು ಸಿಪ್ಪೆ ತೆಗೆದು, ತುಂಡು ಮಾಡಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಡಿ. ವಾಟೆಗೆ ಅಂಟಿದ್ದನ್ನು ಕೆರೆದು ಹಾಕಬೇಡಿ, ನಾರೆಲ್ಲ ಅಲ್ಲೇ ಇರುತ್ತದೆ. ವಾಟೆ ಮಕ್ಕಳಿಗೆ ಕೊಡಿ, ಚೀಪಲಿ.

ಇನ್ನು ಹಾಲು. ನಂದಿನಿ ನೀಲಿ ಪ್ಯಾಕೆಟ್‌ನಲ್ಲಿ ಕೊಬ್ಬು 3%, ಶುಭಂನಲ್ಲಿ 4.5%. ಶೇಕ್‌ಗೆ ಶುಭಂ ತನ್ನಿ. ಅರ್ಧ ಲೀಟರ್ ಹಾಲನ್ನು ಸಣ್ಣ ಉರಿಯಲ್ಲಿ, ತಳ ಹಿಡಿಯದಂತೆ ಆಗಾಗ ಕೈಯಾಡಿಸುತ್ತಾ, ಮುಕ್ಕಾಲು ಪಾಲು ಆಗುವವರೆಗೆ ಕುದಿಸಿ, ಆರಿಸಿ, ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲೆ ಕೆನೆ ಕಟ್ಟಿರುತ್ತದೆ, ಅದನ್ನು ಒಂದು ಬಟ್ಟಲಿಗೆ ತೆಗೆದಿಟ್ಟುಕೊಳ್ಳಿ.

ಮಿಕ್ಸಿ ಜಾರಿಗೆ ಮೊದಲು ಹಣ್ಣು, ಎರಡು ಚಮಚ ಸಕ್ಕರೆ, ಕಾಲು ಲೋಟ ಹಾಲು ಅಷ್ಟೇ. ಹಾಲೆಲ್ಲ ಒಟ್ಟಿಗೆ ಸುರಿದರೆ ತುಂಡುಗಳು ಬ್ಲೇಡಿಗೆ ಸಿಗದೆ ಸುಮ್ನೆ ತೇಲಾಡುತ್ತವೆ. ಗಟ್ಟಿ ತುಂಡು ತಿರುಗುವಾಗ ಮೊದಲು ಕಡಕಡ ಸದ್ದು, ಆಮೇಲೆ ಸದ್ದು ಮೆತ್ತಗಾಗುತ್ತದೆ. ಆಗ ಮುಚ್ಚಳ ತೆಗೆದು ನೋಡಿ, ನುಣ್ಣಗೆ, ಹಳದಿ ಬೆಣ್ಣೆಯ ಹಾಗೆ ಜಾರಿನ ಗೋಡೆಗೆ ಹತ್ತಿರುತ್ತದೆ. ಈಗ ಇನ್ನೊಂದು ಲೋಟ ಹಾಲು, ಒಂದು ಏಲಕ್ಕಿಯ ಪುಡಿ, ಚಿಟಿಕೆ ಉಪ್ಪು. ಕೆನೆ ಕೊನೆಗೆ, ಎರಡೇ ಸುತ್ತು. ಜಾಸ್ತಿ ತಿರುಗಿಸಿದರೆ ಬೆಣ್ಣೆ ಕಾಳುಕಾಳಾಗಿ ತೇಲುತ್ತದೆ.

ಪ್ರಶ್ನೆ: ನಮ್ಮ ತೋಟದಲ್ಲಿ ರಸಪುರಿ ಮರ ಇದೆ. ಅದರಲ್ಲಿ ಶೇಕ್ ಮಾಡಿದರೆ ಕೆಲವು ಸಲ ಹಾಲು ಒಡೆಯುತ್ತದೆ. ಯಾಕೆ? – ಓದುಗರು, ಅರಸೀಕೆರೆ

ಉತ್ತರ: ರಸಪುರಿಯದ್ದು ತಪ್ಪಿಲ್ಲ, ಹಣ್ಣು ಪೂರ್ತಿ ಮಾಗಿರುವುದಿಲ್ಲ. ಹುಳಿ ಸೇರಿದರೆ ಹಾಲು ಒಡೆಯುತ್ತದೆ, ಹಾಲು ಬೆಚ್ಚಗಿದ್ದರೆ ಇನ್ನೂ ಬೇಗ. ಹೋದ ವರ್ಷ ನೆಂಟರು ಬಂದ ಅವಸರದಲ್ಲಿ ನಾನೂ ಮೇಲೆ ಬಣ್ಣ ಬಂದಿದೆ ಅಂತ ನಂಬಿ, ಬೆಚ್ಚಗಿನ ಹಾಲಿಗೇ ಹಾಕಿಬಿಟ್ಟೆ. ಲೋಟದ ತಳದಲ್ಲಿ ಮೊಸರಿನ ಹರಳು ನಿಂತಿತ್ತು, ಅಷ್ಟನ್ನೂ ಚೆಲ್ಲಬೇಕಾಯಿತು, ಇವತ್ತಿಗೂ ಬೇಜಾರು. ಬಣ್ಣ ನಂಬಬೇಡಿ. ತೊಟ್ಟಿನ ಹತ್ತಿರ ಮೂಸಿ ನೋಡಿ, ಘಮ ಬರಬೇಕು. ಒಂದು ಹೋಳು ಬಾಯಿಗೆ ಹಾಕಿ, ಹುಳಿ ಎನಿಸಿದರೆ ಇನ್ನೆರಡು ದಿನ ಹುಲ್ಲಿನಲ್ಲಿಡಿ. ಮನೆಯ ಮರದ ಹಣ್ಣು, ಕಾರ್ಬೈಡ್ ಭಯವಿಲ್ಲ, ಕಾಯುವುದಕ್ಕೇನಂತೆ? ರಸಪುರಿಯಲ್ಲಿ ರಸ ಜಾಸ್ತಿ, ಹಾಗಾಗಿ ಹಾಲು ಅರ್ಧ ಲೋಟ ಕಡಿಮೆ ಮಾಡಿ.

ಪ್ರಶ್ನೆ: ಮೇ ತಿಂಗಳ ಮಳೆಗೆ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಮಿಕ್ಸಿ ಇಲ್ಲದೆ ಆಗುತ್ತಾ? – ಓದುಗರು, ಮೂಡಿಗೆರೆ

ಉತ್ತರ: ಆಗುತ್ತದೆ, ನಮ್ಮ ಅಜ್ಜಿ ಕಾಲದ ಸೀಕರಣೆ ಇನ್ನೇನು? ಚೆನ್ನಾಗಿ ಮಾಗಿದ ಹಣ್ಣನ್ನು ಕೈಯಲ್ಲೇ ಕಿವುಚಿ, ಜರಡಿಯಲ್ಲಿ ಸೋಸಿ, ನಾರು ಬಿಟ್ಟು ರಸ ತೆಗೆಯಿರಿ. ಆಳದ ಪಾತ್ರೆಯಲ್ಲಿ ರಸ, ಸಕ್ಕರೆ, ಮೊದಲೇ ಕಾಯಿಸಿ ಆರಿಸಿದ ಹಾಲು ಹಾಕಿ ಮಜ್ಜಿಗೆ ಕಡೆಯುವ ಕಡಗೋಲಿನಲ್ಲಿ ಐದು ನಿಮಿಷ ಕಡೆಯಿರಿ. ಕಡಗೋಲನ್ನು ಬಿಸಿನೀರಲ್ಲಿ ತೊಳೆದಿರಿ, ಮಜ್ಜಿಗೆಯ ಹುಳಿ ಉಳಿದಿರಬಾರದು. ತಣ್ಣಗೆ ಬೇಕಿದ್ದರೆ ಪಾತ್ರೆಯನ್ನು ಬಾವಿ ನೀರಿನ ಬೋಗುಣಿಯಲ್ಲಿ ಅರ್ಧ ಗಂಟೆ ಇಳಿಸಿಡಿ. ನಿಮ್ಮ ಕಡೆಯ ಏಲಕ್ಕಿಯನ್ನು ಅದೇ ಹೊತ್ತಿಗೆ ಕುಟ್ಟಿ ಹಾಕಿ, ಡಬ್ಬಿಯ ಹಳೇ ಪುಡಿ ಬೇಡ.