ಪುಸ್ತಕದ ಮೇಲೆ ಕೂತ ಸಿಂಹ

ಪ್ರಶ್ನೆ: ಹಳೆಯ ಪುಸ್ತಕಗಳ ರಾಶಿಯಲ್ಲಿ 1943ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಾದಂಬರಿಯೊಂದು ಸಿಕ್ಕಿತು. ಹಾಳೆ ಎಷ್ಟು ತೆಳುವೆಂದರೆ ಹಿಂಬದಿಯ ಅಕ್ಷರಗಳು ಮುಂದಕ್ಕೆ ಕಾಣುತ್ತವೆ. ಅಂಚಿನಲ್ಲಿ ಬೆರಳಿಡಲು ಜಾಗವಿಲ್ಲ. ಮೊದಲ ಪುಟಗಳಲ್ಲಿ ಪುಸ್ತಕದ ಮೇಲೆ ಕೂತ ಸಿಂಹದ ಮುದ್ರೆಯಿದೆ. ಆಗ ಕಾಗದದ ಬೆಲೆಯನ್ನು ಸರ್ಕಾರವೇ ಹಿಡಿದಿಟ್ಟಿತ್ತಂತೆ. ಹಾಗಾದರೆ ಪ್ರಕಾಶಕರು ಒಳ್ಳೆಯ ಕಾಗದವನ್ನೇ ಕೊಳ್ಳಬಹುದಿತ್ತಲ್ಲವೇ?

ಉತ್ತರ: ದುಡ್ಡಿತ್ತು, ಕಾಗದವಿರಲಿಲ್ಲ. ಬ್ರಿಟನ್ನಿನ ಕಾರ್ಖಾನೆಗಳು ಮರದ ತಿರುಳಿಗೆ ಸ್ಕ್ಯಾಂಡಿನೇವಿಯಾವನ್ನೂ ಎಸ್ಪಾರ್ಟೊ ಎಂಬ ಹುಲ್ಲಿಗೆ ಉತ್ತರ ಆಫ್ರಿಕಾವನ್ನೂ ನೆಚ್ಚಿಕೊಂಡಿದ್ದವು. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಗೆ ನುಗ್ಗಿತು, ಜೂನ್‌ನಲ್ಲಿ, ಉತ್ತರ ಆಫ್ರಿಕಾದ ಬಹುಭಾಗವನ್ನು ಆಳುತ್ತಿದ್ದ ಫ್ರಾನ್ಸ್ ಸೋತಿತು. ಎರಡೂ ದಾರಿ ಮುಚ್ಚಿ, ಊರಿನ ಗದ್ದೆಗಳ ಒಣಹುಲ್ಲನ್ನೇ ಬೇಯಿಸಿ ಕಾಗದ ಮಾಡುವ ಸ್ಥಿತಿ ಬಂತು.

ಇಂಥ ಹೊತ್ತಿನಲ್ಲಿ ಬೆಲೆಗೆ ಮಾತ್ರ ಕಡಿವಾಣ ಹಾಕಿದರೆ ಸರಕು ಕಾಳಸಂತೆಗೆ ಜಾರುತ್ತದೆ. ಹಾಗಾಗಿ ಸರಬರಾಜು ಸಚಿವಾಲಯ ಬೆಲೆಯ ಜೊತೆಗೆ ಹಂಚಿಕೆಯನ್ನೂ ಕೈಗೆ ತೆಗೆದುಕೊಂಡಿತು. ಯುದ್ಧಕ್ಕೆ ಮುಂಚಿನ ಒಂದು ವರ್ಷದಲ್ಲಿ ಪ್ರಕಾಶಕ ಬಳಸಿದ ಕಾಗದವೇ ಅಳತೆಗೋಲು: 1940ರಲ್ಲಿ ಅದರ ಶೇ 60, 1942ರ ಹೊತ್ತಿಗೆ ಶೇ 37.5. ಯುದ್ಧಕ್ಕೆ ಮುಂಚಿನ ಆ ವರ್ಷ ಭರ್ಜರಿ ವ್ಯಾಪಾರ ಮಾಡಿದ್ದವನು ಬದುಕಿದ. ಆಮೇಲೆ ಅಂಗಡಿ ತೆರೆದವನಿಗೆ ತೋರಿಸಲು ಹಳೆಯ ಲೆಕ್ಕವೇ ಇರಲಿಲ್ಲ. ಈ ವ್ಯವಸ್ಥೆಯ ದೊಡ್ಡ ಅನ್ಯಾಯ ಇದೇ ಎಂದು ನನಗೆ ಅನ್ನಿಸುತ್ತದೆ.

ನಿಮ್ಮ ತೆಳು ಹಾಳೆಯ ಗುಟ್ಟೂ ಇಲ್ಲಿದೆ. ಪಾಲು ಸಿಗುತ್ತಿದ್ದುದು ತೂಕದಲ್ಲಿ. ಹಾಳೆ ಹಗುರವಾದಷ್ಟೂ ಅದೇ ತೂಕಕ್ಕೆ ಪುಟ ಹೆಚ್ಚು. ಸಿಂಹದ ಮುದ್ರೆ, ಪ್ರಕಾಶಕರು ಸರ್ಕಾರದ ಜೊತೆ ಮಾಡಿಕೊಂಡ 1942ರ ಮಿತವ್ಯಯ ಒಪ್ಪಂದದ್ದು. ಅಕ್ಷರದ ಗಾತ್ರ, ಅಂಚಿನ ಅಗಲ, ಪುಟಕ್ಕೆ ಎಷ್ಟು ಪದ ಎಂಬುದನ್ನೆಲ್ಲ ಅದೇ ಗೊತ್ತುಮಾಡಿತ್ತು. ಸಹಿ ಹಾಕದವರಿಗೆ ಕಾಗದ ಇನ್ನೂ ಕಡಿಮೆ.

ಉಳಿದದ್ದು ಎಲ್ಲಿಗೆ ಹೋಯಿತು? ನಕ್ಷೆಗಳಿಗೆ, ಮದ್ದುಗುಂಡಿನ ಪೊಟ್ಟಣಗಳಿಗೆ, ಕಚೇರಿಗಳ ಕಡತಗಳಿಗೆ (ಕಾಗದ ಉಳಿಸಿ ಎಂಬ ಆದೇಶವೂ ಕಾಗದದ ಮೇಲೆಯೇ ಬರುತ್ತಿತ್ತು). ವಿಮಾನಗಳ ರೆಕ್ಕೆಗೆ ತೂಗುಹಾಕುವ ಪೆಟ್ರೋಲ್ ತೊಟ್ಟಿಗಳನ್ನು ಸಹ ಅಂಟು ಹಚ್ಚಿದ ಕಾಗದದ ಪದರಗಳಿಂದ ಮಾಡಿದ್ದರು. ಕೆಲವೇ ಗಂಟೆಗಳಲ್ಲಿ ಅಂಟು ಸಡಿಲವಾಗುತ್ತಿದ್ದರಿಂದ ಹಾರುವ ಮುಂಚೆಯಷ್ಟೇ ಅವನ್ನು ತುಂಬುತ್ತಿದ್ದರು. ಖಾಲಿಯಾದ ಮೇಲೆ ಕೆಳಗೆ ಉದುರಿಸಿಬಿಡುತ್ತಿದ್ದರು. 1942ರಿಂದ ರದ್ದಿ ಕಾಗದವನ್ನು ಸುಡುವುದೂ ಎಸೆಯುವುದೂ ಅಪರಾಧವಾಗಿತ್ತು.

ಅಂದ ಹಾಗೆ, 1947ರ ಪುಸ್ತಕದಲ್ಲಿ ಅದೇ ಸಿಂಹ ಕಂಡರೆ ಅಚ್ಚಿನ ತಪ್ಪೆಂದುಕೊಳ್ಳಬೇಡಿ. ಪುಸ್ತಕದ ಕಾಗದಕ್ಕೆ ಪಡಿತರ 1949ರವರೆಗೂ ಇತ್ತು.